ಬಸಣ್ಣನ ಎಡಗೈ

ಬಸಣ್ಣನ ಬೆನ್ನಿಗೆ ಮಣ್ಣು ಹತ್ತಿದ್ದನ್ನು ಕಂಡವರಿರಲಿಲ್ಲ. ಎಪ್ಪತ್ತರ ದಶಕದ ಕೊನೆಗೆ ರಾಯಚೂರಿನ ಗೋಡೆಗಳ ತುಂಬ ಅವನದೇ ಪೋಸ್ಟರು. ಹಳದಿ ಚಡ್ಡಿ, ತಿರುವಿದ ಮೀಸೆ, ಕೆಳಗೆ ‘ಸೋಲರಿಯದ ಬಾಗಲವಾಡದ ಹುಲಿ’. ಊರೂರು ತಿರುಗಿ ಆ ಹುಲಿಯ ಕೈಲಿ ಸೋಲುವುದೇ ನನ್ನ ನೌಕರಿ.

ನಮ್ಮದು ಡೇರೆ ಹಾಕಿ ಟಿಕೀಟು ಮಾರುವ ಕುಸ್ತಿ ಕಂಪನಿ. ಯಾರು ಗೆಲ್ಲಬೇಕು, ಯಾರು ಮೋಸ ಮಾಡಬೇಕು ಎಂಬುದನ್ನು ಮಾಲಕ ಮಧ್ಯಾಹ್ನವೇ ಹೇಳಿಬಿಡುತ್ತಿದ್ದ. ನನಗೆ ಕರಿ ಚಡ್ಡಿ ತೊಡಿಸಿ ದುಷ್ಟನನ್ನಾಗಿ ಮಾಡಿದ್ದ. ನಾನು ಬಸಣ್ಣನ ಕಣ್ಣಿಗೆ ಮಣ್ಣೆರಚಬೇಕು, ಮಂದಿ ನನ್ನನ್ನು ಬಾಯಿಗೆ ಬಂದಂತೆ ಬೈಯಬೇಕು. ಆಮೇಲೆ ಅವನ ಎಡಗೈ ನನ್ನ ಹೆಗಲಿಗೆ ಬಿದ್ದರೆ ಅದೇ ಸನ್ನೆ, ನಾನು ಮೈ ಸಡಿಲಬಿಟ್ಟು ಅಂಗಾತ ಬೀಳಬೇಕು.

ಆಟ ಮುಗಿದ ಮೇಲೆ ಡೇರೆಯ ಹಿಂದೆ ಅವನೇ ಒದ್ದೆ ಟವೆಲ್ಲಿನಿಂದ ನನ್ನ ಬೆನ್ನು ಒರೆಸುತ್ತಿದ್ದ. “ನೋವಾತೇನಲೇ ಈರ್ಯಾ? ಮೊದಲ ನೀ ತಿನ್ನು. ನನಗ ಚಪ್ಪಾಳಿನ ಹೊಟ್ಟಿ ತುಂಬಸ್ಯಾವ” ಎಂದು ಬಿಸಿ ಮಿರ್ಚಿ ಭಜಿ ನನ್ನ ಕಡೆ ಸರಿಸುತ್ತಿದ್ದ.

ಒಮ್ಮೆ ದೇವದುರ್ಗದ ಚಹಾದಂಗಡಿಯಲ್ಲಿ ಮುದುಕನೊಬ್ಬ ಅವನಿಗೆ ಎದುರಿಗೇ ಅಂದ: “ನೀ ಎಂಥಾ ಪೈಲ್ವಾನನೋ ಯಪ್ಪಾ! ಮಾಲಕ ಗೆಲ್ಲಸ್ತಾನ, ನೀ ಗೆಲ್ತಿ.” ಬಸಣ್ಣ ನಗಲು ನೋಡಿದ, ಆಗಲಿಲ್ಲ. ಅರ್ಧ ಚಹಾ ಬಿಟ್ಟು ಎದ್ದ.

ಮರುದಿನ ನಸುಕಿನಲ್ಲಿ ನನ್ನನ್ನು ಎಬ್ಬಿಸಿದ. “ನಡೀಲೇ, ಗರಡಿ ಮನಿಗೆ ಹೋಗೂಣು. ಇವತ್ತ ಖರೇನ ಆಡು, ನನ್ನ ಆಣಿ ಅದ. ನಾ ಎಷ್ಟರಾವ ಅಂತ ನನಗ ತಿಳೀಬೇಕು.”

ಇದ್ದಬದ್ದ ಕಸುವೆಲ್ಲ ಹಾಕಿ ಆಡಿದೆ. ಒಮ್ಮೆ ಅವನ ಮೊಣಕಾಲನ್ನು ನೆಲಕ್ಕೆ ಹತ್ತಿಸಿದೆ ಕೂಡ. ಅಷ್ಟರಲ್ಲಿ ಅವನ ಎಡಗೈ ನನ್ನ ಹೆಗಲಿಗೆ ಬಿತ್ತು. ಅಂಗಾತ ಬಿದ್ದೆ.

“ನೀನಾಗೇ ಬಿದ್ಯೋ, ನಾ ಕೆಡವಿದ್ನೋ?” ಏದುಸಿರು ಬಿಡುತ್ತ ಕೇಳಿದ.

ನನಗೇ ತಿಳಿಯಲಿಲ್ಲ. “ಮೈಗೆ ರೂಢಿ ಆಗಿಬಿಟ್ಟದ ಅಣ್ಣಾ” ಅಂದೆ. ಅವನ ಮುಖ ನೋಡಲಾಗಲಿಲ್ಲ. ಅವನೇ ಎದ್ದು ಟವೆಲ್ಲು ತಂದು, “ರೂಢಿ ಬಿಟ್ಟ ಮ್ಯಾಲ ಇನ್ನೊಮ್ಮಿ ಆಡೂಣು” ಎಂದು ನನ್ನ ಬೆನ್ನು ಒರೆಸಿದ.

ಮುಂದೆ ಕಂಪನಿ ಮುಚ್ಚಿತು. ನಾನು ನಮ್ಮೂರು ಕುರ್ಡಿಗೆ ಮರಳಿ ಒಕ್ಕಲುತನಕ್ಕೆ ನಿಂತೆ. ಕೆಲವು ವರ್ಷಗಳ ನಂತರ ಮಾನ್ವಿಯ ಬಸ್ ನಿಲ್ದಾಣದಲ್ಲಿ ಬಸಣ್ಣ ಸಿಕ್ಕ. ಸೊರಗಿದ್ದ. “ರೂಢಿ ಬಿಟ್ಟದೇನಲೇ?” ಎಂದ. ಬಿಟ್ಟದ ಅಂದೆ. “ಹಂಗಾರ ಉಗಾದಿ ಮುಗಿಸಿ ಬಾ.” ಬಸ್ಸು ಹತ್ತುವ ಮುಂಚೆ ಅಕ್ಕರೆಯಿಂದ ನನ್ನ ಹೆಗಲ ಮೇಲೆ ಎಡಗೈ ಇಟ್ಟ. ನನ್ನ ಕಾಲುಗಳು ತಾವಾಗಿಯೇ ಸಡಿಲಾದವು. ಅವನಿಗೂ ಗೊತ್ತಾಯಿತು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಉಗಾದಿಗೆ ಮೊದಲೇ ಅವನು ತೀರಿಕೊಂಡ. ಬಾಗಲವಾಡಕ್ಕೆ ಹೋದಾಗ ಕುಣಿಯಲ್ಲಿ ಅಂಗಾತ ಮಲಗಿಸಿದ್ದರು. ಆವತ್ತು ಅವನ ಬೆನ್ನಿನ ಮಣ್ಣು ಒರೆಸುವ ಪಾಳಿ ನನ್ನದಾಗಿತ್ತು, ಆಗಲಿಲ್ಲ. ಎಲ್ಲರಂತೆ ನಾನೂ ಒಂದು ಹಿಡಿ ಮಣ್ಣು ಹಾಕಿ ಬಂದೆ.

ಬಸಣ್ಣ ಖರೇನೇ ದೊಡ್ಡ ಪೈಲ್ವಾನನಾ ಎಂದು ಈಗಲೂ ಕೇಳುವವರಿದ್ದಾರೆ. ಹೇಳಬೇಕಾದವನು ನಾನೊಬ್ಬನೇ, ನನಗೂ ಗೊತ್ತಿಲ್ಲ. ಆ ಎಡಗೈ ಇನ್ನೊಮ್ಮೆ ಹೆಗಲಿಗೆ ಬೀಳಲಿ ಅನಿಸುತ್ತದೆ. ಈ ಸಲ ಬೀಳದೆ ನಿಂತು ನೋಡುತ್ತೇನೆ.