ಮಂಜಿನೊಳಗಿಂದ ನನ್ನ ಹೆಸರು

“ರೀ, ಎಲ್ಲಿ ಅದೀರಿ?” ಹೆಂಡತಿಯ ದನಿ ಕೇಳುತ್ತಿತ್ತು, ಅವಳು ಕಾಣುತ್ತಿರಲಿಲ್ಲ. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಹುಲ್ಲುಬೆಟ್ಟವನ್ನು ಮಂಜು ಪೂರ್ತಿ ನುಂಗಿತ್ತು. ನಸುಕಿನಲ್ಲೇ ದಾವಣಗೆರೆಯಿಂದ ಕಾರಿನಲ್ಲಿ ಹೊರಟು ಬಂದಿದ್ದೆವು. ದಿನದ ವಾಕಿಂಗಿನ ರೂಢಿಯಂತೆ ನಾನು ಮುಂದೆ, ಅವಳು ಹಿಂದೆ. ಕಾಲುದಾರಿಯ ಪಕ್ಕದಲ್ಲೇ ಆಳವಾದ ಇಳಿಜಾರು.

“ಇಲ್ಲೇ ಅದೀನಿ, ಬಾರೇ!” ಎಂದು ಬೇರೆ ಯಾರದೋ ಗಂಡ ಉತ್ತರಿಸಿದ. ಅವಳು ಆ ದನಿಯ ಕಡೆ ಕಾಲಿಟ್ಟು ಇಳಿಜಾರಿಗೆ ಜಾರಿದರೆ ಗತಿಯೇನು?

“ಅದು ನಾನಲ್ಲ! ಅಲ್ಲೇ ನಿಲ್ಲು!” ಎಂದು ಕೂಗಿದೆ.

ಆಮೇಲೆ ಅವಳ ದನಿ, “ಕರಿಬಸಪ್ಪಾ!”

ನಮ್ಮ ಮನೆಗಳಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಮದುವೆಯ ದಿನ ಹಿರಿಯರ ಒತ್ತಾಯಕ್ಕೆ ಒಡಪಿನ ಪದ್ಯದಲ್ಲಿ ಸೇರಿಸಿ ಒಮ್ಮೆ ಹೇಳಿದ್ದೇ ಕೊನೆ. ದನಿ ಬಂದತ್ತ ಕಾಲುದಾರಿಯಲ್ಲೇ ಮೆಲ್ಲಗೆ ಇಳಿದೆ. ಬೆಳ್ಳನೆಯ ಮಂಜಿನಲ್ಲಿ ಮೊದಲು ಅವಳ ಹಸಿರು ಬಳೆ ಕಂಡಿತು, ಆಮೇಲೆ ಚಾಚಿದ ಕೈ. ಗಟ್ಟಿಯಾಗಿ ಹಿಡಿದುಕೊಂಡೆ.

“ಊರಾಗೆ ಯಾರಿಗೂ ಹೇಳಬ್ಯಾಡ್ರಿ ಮತ್ತೆ” ಎಂದಳು, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ.

ಅವ್ವ ತೀರಿಕೊಂಡ ಮೇಲೆ ನನ್ನ ಹೆಸರನ್ನು ಅಷ್ಟು ಉದ್ದಕ್ಕೆ ಯಾರೂ ಕೂಗಿರಲಿಲ್ಲ. ಮನೆಯಲ್ಲಿ ದಿನಾ ಬೆಳಿಗ್ಗೆ ಎಚ್ಚರವಾದ ಕೂಡಲೇ ಹಾಸಿಗೆ ಮಡಚುತ್ತಿದ್ದ ನಾನು ಈಗ ಕಣ್ಣು ಮುಚ್ಚಿ, ಇನ್ನೊಂದಿಷ್ಟು ಹೊತ್ತು ನೆನಪಿನೊಳಗಿನ ಆ ಕೂಗನ್ನು ಕೇಳುತ್ತ ಮಲಗಿರುತ್ತೇನೆ.