ತಾರಸಿ ನೋಡುವ ಬದರಿನಾಥರಾಯರು

ತಮಿಳರ ಐಪ್ಪಸಿ ತಿಂಗಳ ಮಳೆ ಹಿಡಿಯುವ ಮುಂಚೆ ನಮ್ಮ ತಿರುವಲ್ಲಿಕ್ಕೇಣಿ ಪೇಟೆಯಲ್ಲಿ ಯಾರು ತಾರಸಿ ತೋರಿಸಬೇಕೆಂದರೂ ಓವರ್‌ಸಿಯರ್ ಬದರಿನಾಥರಾಯರೇ ಬರಬೇಕು, ಅವರು ಬಂದರೆಂದರೆ ನನಗೆ ಕಾಲೇಜೂ ಬೇಡ, ಕ್ರಿಕೆಟ್ಟೂ ಬೇಡ! ಮೊದಲು ಕಾಫಿ, ಆಮೇಲೆ ಬೂಟು ಬಿಚ್ಚಿ, ಕೋಟು ಮಾತ್ರ ಬಿಚ್ಚದೆ, ಬಿಸಿಲಲ್ಲಿ ತಾರಸಿಯುದ್ದಕ್ಕೂ ಬರಿಗಾಲಲ್ಲಿ ನಡೆದು, ಕೋಲಿನಿಂದ ಕುಟ್ಟಿ, ಡಾಕ್ಟರು ಎದೆಬಡಿತ ಕೇಳುವಂತೆ ಕಣ್ಣುಮುಚ್ಚಿ ಕೇಳುತ್ತಾರೆ, ಎಲ್ಲಾದರೂ ಟೊಳ್ಳು ಸದ್ದು ಬಂತೋ, "ಅಡಡಾ! ಏನು ಸ್ವಾಮೀ, ತಾರಸಿ ಕಟ್ಟಿಸಿದ್ದೀರೋ ಮೃದಂಗ ಕಟ್ಟಿಸಿದ್ದೀರೋ?" ಎಂದು ಇಡೀ ಬೀದಿಗೆ ಕೇಳುವಂತೆ ಕೂಗುತ್ತಾರೆ; ನೀರು ಹೋಗುವ ಕೊಳವೆಯಲ್ಲಿ ಒಂದೇ ಒಂದು ಬೇವಿನೆಲೆ ಸಿಕ್ಕರೂ ಮನೆಯ ಯಜಮಾನನಿಗೆ ದೊಡ್ಡ ಲೆಕ್ಚರ್; ಒಣಗಲು ಹರಡಿದ ಹಪ್ಪಳ ಕಂಡರೆ ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡೇ ಮುಂದಿನ ಹೆಜ್ಜೆ. ಕೆಳಗಿಳಿದರೆ ತೇಗದ ತೊಲೆಗಳ ಸರದಿ, ಒಂದೊಂದನ್ನೂ ಚಾಕುವಿನಿಂದ ಚುಚ್ಚುತ್ತಾರೆ, ಮೂಸುತ್ತಾರೆ, ಬೈಯುತ್ತಾರೆ. ಆದರೆ ಮೊನ್ನೆ ನಮ್ಮನೆಯ ಬಾಣಂತಿ ಕೋಣೆಗೆ ಬಂದಾಗ ಅವರ ದನಿಯೇ ಇಳಿದುಹೋಯಿತು. ತೊಟ್ಟಿಲು ಕಟ್ಟುವ ತೊಲೆಯ ಮೇಲೆ ಗೆದ್ದಲಿನ ಮಣ್ಣು ಕಂಡಾಗಿನಿಂದ ಬಾಣಂತಿ ಗುಣವತಿ ಅಕ್ಕ ಮಗುವನ್ನು ತೋಳಿನಿಂದ ಕೆಳಗಿಳಿಸಿರಲೇ ಇಲ್ಲ. ರಾಯರು ಮಣ್ಣು ಕೆರೆದು, ಚುಚ್ಚಿ ನೋಡಿ, "ಮರ ಗಟ್ಟಿ ಇದೆ ಕಣಮ್ಮಾ" ಎಂದರು. "ನಿಜವಾಗ್ಲೂ ತಾಳತ್ತಾ ಮಾವಾ?" ಎಂದಳು ಅಕ್ಕ. ಅವರು ಸ್ಟೂಲು ಹತ್ತಿ, ತೊಟ್ಟಿಲ ಕೊಂಡಿಯನ್ನು ಎರಡೂ ಕೈಯಲ್ಲಿ ಹಿಡಿದು, ಕಾಲು ಮೇಲೆತ್ತಿ, ಅಷ್ಟು ದೊಡ್ಡ ಹೊಟ್ಟೆ ಸಮೇತ ಬಾವಲಿಯ ಹಾಗೆ ಜೋತುಬಿದ್ದೇಬಿಟ್ಟರು! "ತೊಟ್ಟಿಲಿರೋ ಮನೇಲೆಲ್ಲಾ ಹೀಗೇ ನೋಡೋದು ನಾನು. ಬೇಗ ತಾಮ್ಮಾ ತೊಟ್ಟಿಲು, ತೊಲೆ ತಾಳತ್ತೆ, ನನ್ನ ಕೈ ತಾಳಲ್ಲ!" ಎಂದು ಅವರು ಏದುಸಿರು ಬಿಡುತ್ತಿದ್ದಂತೆ ಅಕ್ಕ ಮಗುವನ್ನು ನನ್ನ ಕೈಗಿಟ್ಟು ಒಳಗೆ ಓಡಿದಳು.