ಎಲ್ಲಿಗಿ ಅಂತ ಕೇಳಿದವರು

ಶಕುನ, ದೆವ್ವ, ಕನಸಿನ ಸೂಚನೆ ಅನ್ನುವವರ ಮುಂದೆ ನಾನು ಮುಖಕ್ಕೆ ಮುಖ ಕೊಟ್ಟು ನಕ್ಕವಳು. ನನ್ನದು ಕಂಪ್ಯೂಟರಿನ ಕೆಲಸ. ಅಲ್ಲಿ ಏನೇ ಎಡವಟ್ಟಾದರೂ ಹುಡುಕಿದರೆ ಕಾರಣ ಸಿಗುತ್ತದೆ, ಸಿಗದಿದ್ದರೆ ನಾವು ಸರಿಯಾಗಿ ಹುಡುಕಿಲ್ಲ ಅಂತ ಅರ್ಥ. ಈಗಲೂ ಹಾಗೇ ನಂಬಿದ್ದೇನೆ. ಆದರೆ ಮೂರು ವರ್ಷದ ಹಿಂದಿನ ಒಂದು ಶುಕ್ರವಾರದ ಮಧ್ಯಾಹ್ನವನ್ನು ಏನು ಮಾಡಬೇಕೋ ತಿಳಿಯದೆ ನಿಮ್ಮ ಮುಂದೆ ಇಡುತ್ತಿದ್ದೇನೆ. ನಗುವವರು ನಗಬಹುದು, ನಾನೂ ನಿಮ್ಮ ಪಕ್ಷದವಳೇ.

ನಾವು ವಿಜಯಪುರದ ಕಡೆಯವರು. ಅಪ್ಪ ಸೆಂಟ್ರಿಂಗ್ ಕೆಲಸಕ್ಕೆ ಗೋವೆಗೆ ಬಂದ, ನಾನು ಹುಟ್ಟಿ ಬೆಳೆದದ್ದು ಕೆಪೆಯಲ್ಲಿ. ಅಪ್ಪ ತೀರಿಕೊಂಡು ಈಗ ಎಂಟು ವರ್ಷವಾಯಿತು. ನಾನು ದಿನಾ ಬಸ್ಸು ಹಿಡಿದು ಮಡಗಾಂವಿನ ಒಂದು ಸಣ್ಣ ಕಂಪನಿಗೆ ಹೋಗುತ್ತೇನೆ. ಆಗ ನಮ್ಮ ಕೈಯಲ್ಲಿದ್ದದ್ದು ಡಯಾಲಿಸಿಸ್ ಕೇಂದ್ರಗಳ ಪಾಳಿ ನೋಡಿಕೊಳ್ಳುವ ವ್ಯವಸ್ಥೆ. ಯಾರು ಯಾವತ್ತು ಎಷ್ಟು ಗಂಟೆಗೆ ಬರಬೇಕು ಅಂತ ರೋಗಿಗಳ ಫೋನಿಗೆ ಅವರವರ ಭಾಷೆಯಲ್ಲಿ ಮೆಸೇಜು ಹೋಗುತ್ತಿತ್ತು. ಆ ರೋಗಿಗಳಲ್ಲಿ ನನ್ನ ಅವ್ವನೂ ಒಬ್ಬಳು.

ಮೊದಲು ಅದೆಲ್ಲ ಒಂದೇ ದೊಡ್ಡ ಪ್ರೋಗ್ರಾಮು. ಒಂದು ಕಡೆ ಕೈ ಹಾಕಿದರೆ ಇನ್ನೊಂದು ಕಡೆ ಕೆಡುತ್ತಿತ್ತು. ಅದಕ್ಕೇ ಒಡೆದು ಚಿಕ್ಕ ಚಿಕ್ಕ ಸರ್ವಿಸ್ ಮಾಡಿದೆವು. ಪಾಳಿ ಬರೆಯುವುದು ಒಂದು, ಮೆಸೇಜು ಕಳಿಸುವುದು ಇನ್ನೊಂದು. ಒಂದೊಂದನ್ನೂ ಅದಕ್ಕೆ ಬೇಕಾದ ಸಾಮಾನಿನ ಸಮೇತ ಕಂಟೇನರಿನಲ್ಲಿ ತುಂಬುತ್ತಾರೆ, ಬುತ್ತಿ ಕಟ್ಟಿದ ಹಾಗೆ. ನಾವು ಕೋಡ್ ಬರೆದು ಒಪ್ಪಿಸಿದರೆ ಸಾಕು, ಬುತ್ತಿ ಕಟ್ಟುವುದು, ಪರೀಕ್ಷೆ ಮಾಡುವುದು, ಸರ್ವರಿಗೆ ಮುಟ್ಟಿಸುವುದು ಎಲ್ಲ ತಾನಾಗಿಯೇ ಆಗಬೇಕು. ಇದಕ್ಕೆ ಪೈಪ್‌ಲೈನ್ ಅನ್ನುತ್ತಾರೆ. ಅದನ್ನು ಕಟ್ಟುವ ಕೆಲಸ ನನಗೂ ಮೆಹಬೂಬನಿಗೂ ಬಂದಿತ್ತು. ಮೆಹಬೂಬ ಹಾವೇರಿ ಕಡೆಯವನು, ಎರಡು ಮಕ್ಕಳ ತಂದೆ, ಆ ಆಫೀಸಿನಲ್ಲಿ ನನ್ನ ಬಿಟ್ಟರೆ ಕನ್ನಡ ಬಲ್ಲವನು ಅವನೊಬ್ಬನೇ. ಇದನ್ನು ನೆನಪಿಡಿ.

ಸರ್ವರುಗಳು ಎರಡಿದ್ದವು. ಖರೇ ರೋಗಿಗಳ ಪಟ್ಟಿಯಿದ್ದ ಸರ್ವರಿಗೆ ನಾವು ಮಡಗಾಂವ್ ಅಂತ ಹೆಸರಿಟ್ಟಿದ್ದೆವು, ಸದಾ ಗದ್ದಲ ಅಂತ. ಸುಳ್ಳು ಹೆಸರುಗಳನ್ನು ಹಾಕಿ ಪ್ರಯೋಗ ಮಾಡುವುದಕ್ಕೆ ಕೆಪೆ. ಸರ್ವರಿಗೆ ಮುಟ್ಟಿಸಿದ ಮೇಲೆ ನಡೆಯುವ ಪ್ರಯೋಗದ ಕಡೆಯ ಹೆಜ್ಜೆಯಲ್ಲಿ ಎಲ್ಲ ಪಾಳಿಗಳನ್ನೂ ರದ್ದು ಮಾಡಿ, "ನಿಮ್ಮ ಪಾಳಿ ರದ್ದಾಗಿದೆ, ಬರಬೇಡಿ" ಅಂತ ಮೆಸೇಜು ಬಿಟ್ಟು, ಪಟ್ಟಿಯನ್ನು ಒರೆಸಿ ಹಾಕುತ್ತಿದ್ದೆವು. ಕೆಪೆಯಲ್ಲಿ ಅದರಿಂದ ಯಾರಿಗೂ ತೊಂದರೆಯಿರಲಿಲ್ಲ.

ಆ ಶುಕ್ರವಾರ ಮಧ್ಯಾಹ್ನ ಮೆಹಬೂಬ ನಮಾಜಿಗೆ ಹೋಗಿದ್ದ. ಉಳಿದವರು ಊಟಕ್ಕೆ ಮನೆಗೆ ಹೋಗಿದ್ದರು. ಕೆಳಗೆ ಅಂಗಡಿಗಳ ಶಟರ್ ಬಿದ್ದು ರಸ್ತೆಯೇ ನಿದ್ದೆ ಹೋಗಿತ್ತು. ಪೈಪ್‌ಲೈನ್ ಮೊದಲ ಸಲ ಪೂರ್ತಿ ಓಡಿಸೋಣ ಅಂತ ಗುಂಡಿ ಒತ್ತಿ, ಸ್ವಲ್ಪ ಹೊತ್ತು ಮೇಲ್‌ಗಳನ್ನು ನೋಡಿ, ಚೀಲ ಹೆಗಲಿಗೆ ಹಾಕಿಕೊಂಡು ನಾನೂ ಊಟಕ್ಕೆ ಎದ್ದೆ. ಹೋಗುವಾಗ ಸುಮ್ಮನೆ ಪರದೆ ನೋಡಿದೆ. ಬುತ್ತಿ ಕಟ್ಟಿ ಆಗಿತ್ತು, ಪರೀಕ್ಷೆ ಮುಗಿದಿತ್ತು. ಸರ್ವರಿಗೆ ಕಳಿಸುವ ಹೆಜ್ಜೆಯ ಮುಂದೆ ಎಲ್ಲ ನಿಂತುಬಿಟ್ಟಿತ್ತು. ಇಂಗ್ಲಿಷ್ ಸಾಲುಗಳ ಕೆಳಗೆ ಕನ್ನಡದಲ್ಲಿ ಒಂದು ಸಾಲು:

ಎಲ್ಲಿಗಿ ಹೊಂಟಿ?

ನನಗೆ ಮೊದಲು ಬಂದದ್ದು ಸಿಟ್ಟು. ಇದು ಮೆಹಬೂಬನ ಕಿತಾಪತಿಯೇ ಅಂದುಕೊಂಡೆ. ಯಾಕೆಂದರೆ ನಮ್ಮ ಕಡೆ ಹೊರಟವರನ್ನು ಹಾಗೆ ಕೇಳಬಾರದು. ಕೇಳಲೇಬೇಕೆಂದರೆ "ದೂರ ಹೊಂಟೀರೇನು" ಅನ್ನಬೇಕು. ಯಾರಾದರೂ ಬಾಯಿ ತಪ್ಪಿ "ಎಲ್ಲಿಗಿ" ಅಂದುಬಿಟ್ಟರೆ ಹೊರಟವರು ಒಳಗೆ ಬಂದು, ಕೂತು, ನೀರು ಕುಡಿದು ಮತ್ತೆ ಹೊರಡಬೇಕು. ಅವ್ವನ ಈ ಪದ್ಧತಿಯಿಂದ ನಾನು ಕಾಲೇಜಿನ ದಿನಗಳಲ್ಲಿ ಎಷ್ಟು ಬಸ್ಸು ತಪ್ಪಿಸಿಕೊಂಡೆನೋ ಲೆಕ್ಕವಿಲ್ಲ.

ಎಲ್ಲಾದರೂ ನಿಂತರೆ ಒತ್ತುವ "ಮುಂದುವರಿಸು" ಅನ್ನುವ ಗುಂಡಿ ಅಲ್ಲೇ ಇತ್ತು. ಕೈ ಅದರ ಮೇಲೆ ಹೋಗಿತ್ತು ಕೂಡ. ಆದರೆ ಹುಟ್ಟಿನಿಂದ ಬಂದ ರೂಢಿ ನೋಡಿ, ಬಯ್ಯುತ್ತಲೇ ಚೀಲ ಇಳಿಸಿ ಕೂತೆ. ಬಾಟಲಿ ತೆಗೆದು ನೀರು ಕುಡಿದೆ. ಕೂತಿದ್ದರಿಂದ ಮೇಲಿನ ಸಾಲುಗಳು ಕಣ್ಣಿಗೆ ನೇರ ಬಿದ್ದವು. ಕಳಿಸುವ ವಿಳಾಸ: ಮಡಗಾಂವ್.

ಹಳೆಯ ಫೈಲನ್ನು ನಕಲು ಮಾಡಿ ಎಲ್ಲ ಕಡೆ ಊರು ಬದಲಿಸಿದ್ದೆ, ಒಂದು ಕಡೆ ಬಿಟ್ಟಿದ್ದೆ. ಆ ಗುಂಡಿ ಒತ್ತಿದ್ದರೆ ಮರುದಿನದ ರೋಗಿಗಳಿಗೆಲ್ಲ "ಬರಬೇಡಿ" ಅಂತ ಹೋಗುತ್ತಿತ್ತು. ಅವ್ವನನ್ನು ನಾನು ಮೆಸೇಜು ತಪ್ಪು ಅಂತ ಹೇಳಿ ಹೇಗೋ ಕಳಿಸಿಕೊಡುತ್ತಿದ್ದೆ. ಅವಳ ಪಕ್ಕದ ಹಾಸಿಗೆಯ ಫಾತಿಮಾಬಿ? ಓದು ಬಾರದ ಆಕೆ ಮೆಸೇಜನ್ನು ಬಾಜೂ ಮನೆಯವರಿಂದ ಓದಿಸಿಕೊಂಡು, ಅದರಂತೆ ದೂರದ ಹಳ್ಳಿಯಿಂದ ಬಸ್ಸು ಹತ್ತುವವಳು. ಬರಬೇಡ ಅಂದರೆ ಮನೆಯಲ್ಲೇ ಕೂರುತ್ತಿದ್ದಳು. ಡಯಾಲಿಸಿಸ್ ಒಂದು ಪಾಳಿ ತಪ್ಪಿದರೆ ಏನಾಗುತ್ತದೆ ಅನ್ನುವುದನ್ನು ನಾನು ಆ ವಾರ್ಡಿನಲ್ಲಿ ಒಮ್ಮೆ ಕಣ್ಣಾರೆ ಕಂಡಿದ್ದೆ. ಪೈಪ್‌ಲೈನನ್ನು ಅಲ್ಲಿಗೇ ನಿಲ್ಲಿಸಿದ ಮೇಲೆ ಮೇಜಿಗೆ ತಲೆಯಿಟ್ಟು ಗಳಗಳ ಅತ್ತುಬಿಟ್ಟೆ. ಅತ್ತು ಅಷ್ಟು ಹಗುರಾದದ್ದು ನನಗೆ ನೆನಪಿಲ್ಲ.

ಆಮೇಲೆ ಆ ಸಾಲಿನ ಫೋಟೋ ತೆಗೆಯೋಣ ಅಂತ ನೋಡಿದರೆ ಸಾಲೇ ಇಲ್ಲ. ಎರಡು ಹೆಜ್ಜೆಗಳ ನಡುವೆ ಹನ್ನೊಂದು ನಿಮಿಷ ಯಂತ್ರ ಸುಮ್ಮನೆ ನಿಂತಿದ್ದ ದಾಖಲೆ ಮಾತ್ರ ಇತ್ತು. ನಿಲ್ಲಲು ಯಾರೂ ಹೇಳಿರಲಿಲ್ಲ. ಮೆಹಬೂಬ ಬಂದ ಮೇಲೆ ಅವನ ಮೇಲೆ ಹರಿಹಾಯ್ದೆ.

"ಖರೇ ಹೇಳತೇನ್ರಿ ಅಕ್ಕಾ, ನಾ ಅಲ್ಲ. ನಮ್ಮ ಅಮ್ಮಾನೂ ಹಂಗ ಕೇಳಿದ್ರ ಬಡಿತಾಳ" ಅಂದ.

ಸಂಜೆಯ ತನಕ ಇಬ್ಬರೂ ಕೂತು ಪ್ರತಿ ಫೈಲು, ಪ್ರತಿ ಕಂಟೇನರು ಜಾಲಾಡಿದೆವು. ಕನ್ನಡದ ಮೆಸೇಜುಗಳೇನೋ ಇದ್ದವು, ಎಲ್ಲ ಪುಸ್ತಕದ ಕನ್ನಡದವು. "ಎಲ್ಲಿಗಿ" ಎಲ್ಲೂ ಸಿಗಲಿಲ್ಲ.

ಮನೆಗೆ ಬಂದು ಅವ್ವನಿಗೆ ಎಲ್ಲ ಹೇಳಿದೆ. ನೀನೇ ಹೇಗೋ ಬಂದು ಕಾಪಾಡಿದೆ ಅಂತ ತಮಾಷೆ ಮಾಡಿದೆ. ಅವಳು ನಗಲಿಲ್ಲ.

"ನಾ ಯಾಕ ಎಲ್ಲಿಗಿ ಅಂತ ಕೇಳ್ಲಿ? ನಾ ಆಗಿದ್ರ ದೂರ ಹೊಂಟಿಯೇನು ಅಂತಿದ್ದೆ" ಅಂದಳು. ತಟ್ಟೆ ನನ್ನ ಮುಂದೆ ಸರಿಸುತ್ತ, "ಎಷ್ಟು ಬೈದ್ರೂ ಮರತು ಹಂಗ ಕೇಳಾವ್ರು ಈ ಮನ್ಯಾಗ ಒಬ್ರ ಇದ್ರು" ಅಂದಳು.

ನಾನು ಅಪ್ಪನ ವಿಚಾರ ಮಾಡಿಯೇ ಇರಲಿಲ್ಲ. ನನ್ನ ಬಸ್ಸುಗಳನ್ನೆಲ್ಲ ತಪ್ಪಿಸಿದ್ದು ಅವನೇ. ಆದರೂ ಇದು ಹೀಗೇ ಅಂತ ಒಪ್ಪಲು ನನ್ನಿಂದ ಆಗುವುದಿಲ್ಲ. ಬೇರೆ ಕಾರಣವೂ ಈವರೆಗೆ ಸಿಕ್ಕಿಲ್ಲ. ಈಗಲೂ ಬಿಡುವಾದಾಗ ಆ ಹನ್ನೊಂದು ನಿಮಿಷದ ದಾಖಲೆ ತೆರೆದು ನೋಡುತ್ತೇನೆ.

ಮರುದಿನ ಶನಿವಾರ, ಅವ್ವನ ಪಾಳಿ. ಫೋನಿಗೆ ಮೆಸೇಜು ಸರಿಯಾಗಿ ಬಂದಿತ್ತು. ಅವಳು ಸೆರಗು ಸರಿಮಾಡಿಕೊಂಡು "ಹೋಗಿ ಬರ್ತೇನಿ" ಅಂತ ಹೊಸ್ತಿಲ ತನಕ ಬಂದಳು. ನನ್ನ ಬಾಯಿಂದ ತಾನಾಗಿ ಬಂದುಬಿಟ್ಟಿತು, "ಎಲ್ಲಿಗಿ?"

ಬೈಯುತ್ತಾಳೆ ಅಂದುಕೊಂಡೆ. ಅವಳು ತಿರುಗಿ ಒಳಗೆ ಬಂದು ಕೂತಳು. ವೈದ್ಯರು ನೀರಿಗೆ ಮಿತಿ ಹಾಕಿದ್ದರು. ಒಂದೇ ಗುಟುಕು ಕೇಳಿ, ಕುಡಿದು, ಲೋಟ ನನ್ನ ಕೈಗೆ ಕೊಟ್ಟು ಮತ್ತೆ ಎದ್ದಳು.